ಹಲಸಿನ ಮರ ಇದ್ದಲ್ಲಿ ಮನೆ ಇತ್ತು

(ಹಾಸನದಲ್ಲಿ ಚಿತ್ರಕಲೆಯ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಅಂದು ಗೋಡೆಯ ಮೇಲೆ ಚಿತ್ರಗಳಿದ್ದವು. ಅವು ಇಲ್ಲದೆಯೂ ಓದಲು ಆಗಲಿ ಎಂದು ಅಲ್ಲಲ್ಲಿ ಒಂದೆರಡು ಮಾತು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಬೆನ್ನ ಹಿಂದೆ, ಎಡಗಡೆಯಿಂದ ಮೂರನೆಯ ಚಿತ್ರ ನೋಡಿ. ಇದ್ದಿಲಿನಲ್ಲಿ ಬರೆದದ್ದು. ದೂರದಿಂದ ನೋಡಿದರೆ ಕಾಡು. ಹತ್ತಿರ ಬಂದು ನೋಡಿದರೂ ಕಾಡೇ. ಬರೆಯಲು ಕೂತ ಮೊದಲ ದಿನ ನಾನೂ ಅದು ಕಾಡೆಂದೇ ನಂಬಿದ್ದೆ. ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೋಗುವ ದಾರಿ. ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕೂತಿದ್ದೆ. ಸೌದೆ ಹೊತ್ತು ಬಂದ ಒಬ್ಬ ಹಿರಿಯ ಹೆಂಗಸು ಹೊರೆ ಇಳಿಸಿದರು. ನನ್ನ ಹಾಳೆ ನೋಡಿದರು, ಎದುರಿನ ಮರ ನೋಡಿದರು. ‘ಯಾರ ಮನೆ ಬರೀತಿದ್ದೀ ಮಗಾ?’ ಅಂದರು.

ಮನೆ ಎಲ್ಲಿದೆ ಅಂತ ಕೇಳಿದೆ.

‘ಅಲ್ಲೇ ಐತಲ್ಲ ಹಲಸಿನ ಮರ. ಹಲಸಿನ ಮರ ಇದ್ದಲ್ಲಿ ಮನೆ ಇತ್ತು’ ಅಂದರು. ಹೊರೆಗೆ ಕೈ ಕೊಡು ಅಂದರು. ಎತ್ತಿಕೊಟ್ಟೆ. ಹೊರಟರು.

ನಾನು ಮತ್ತೆ ಕೂತು ನೋಡಿದೆ. ಕಾಡಿನಲ್ಲೂ ಹಲಸು ಇರುತ್ತದೆ, ಹೆಬ್ಬಲಸು ಇರುತ್ತದೆ. ಅದರಲ್ಲೇನು ವಿಶೇಷ ಅಂತ ನಿಮಗೆ ಅನ್ನಿಸಬಹುದು. ಆದರೆ ಈ ಮರದ ಆಕಾರ ಬೇರೆ ಇತ್ತು. ಆಳೆತ್ತರದಲ್ಲೇ ದಪ್ಪ ಕೊಂಬೆಗಳು ನಾಲ್ಕೂ ಕಡೆ ಚಾಚಿದ್ದವು. ದಟ್ಟ ಕಾಡಿನಲ್ಲಿ ಹುಟ್ಟಿದ ಮರ ಹಾಗೆ ಬೆಳೆಯುವುದಿಲ್ಲ. ಸುತ್ತ ನೆರಳು, ಬೆಳಕು ಮೇಲೆ ಮಾತ್ರ. ಅದು ನೆಟ್ಟಗೆ ಏರುತ್ತದೆ, ಕೆಳಗಿನ ಕೊಂಬೆಗಳನ್ನು ಒಂದೊಂದಾಗಿ ಉದುರಿಸುತ್ತದೆ, ತುದಿಯಲ್ಲಿ ಮಾತ್ರ ಛತ್ರಿ ಬಿಚ್ಚುತ್ತದೆ. ಕೆಳಗೇ ಕೊಂಬೆ ಚಾಚಿದ ಮರ ಅಂದರೆ, ಅದು ಎಳೆಯದಿದ್ದಾಗ ಸುತ್ತ ಬಯಲಿತ್ತು. ಬಿಸಿಲಿತ್ತು. ಅಂದರೆ ಅಂಗಳ ಇತ್ತು.

ಆಮೇಲೆ ಎಲ್ಲವೂ ಕಾಣತೊಡಗಿತು. ಹಲಸಿನ ಪಕ್ಕ ದಾಸವಾಳ. ಕಾಡಿನಲ್ಲಿ ದಾಸವಾಳ ಯಾರು ನೆಟ್ಟರು? ಇನ್ನೊಂದು ಕಡೆ ನಾಲ್ಕು ಅಡಿಕೆ ಮರ, ಒಂದೇ ಸಾಲಿನಲ್ಲಿ. ನಡುವೆ ನೆಲ ಸ್ವಲ್ಪ ಉಬ್ಬಿತ್ತು. ಅದು ಕುಸಿದ ಮಣ್ಣಿನ ಗೋಡೆ. ಎರಡು ಗಂಟೆ ನಾನು ಕಾಡು ಅಂತ ಬರೆದದ್ದು ಒಂದು ಮನೆಯ ಹಿತ್ತಿಲು.

ಇವತ್ತು ನಾನು ಹೇಳಬೇಕಾದ್ದು ಹೆಚ್ಚುಕಮ್ಮಿ ಇಷ್ಟೇ. ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಕಾಡನ್ನು ಬರೆಯುವವರು ಅದರೊಳಗಿನ ಮನೆಯನ್ನೂ ಬರೆಯಬೇಕು. ಹಾಳು ಬಿದ್ದ ಮನೆಯನ್ನು ಬರೆಯುವವರು ಅದನ್ನು ಮುಚ್ಚಿದ ಗಿಡವನ್ನೂ ಅಷ್ಟೇ ಪ್ರೀತಿಯಿಂದ ಬರೆಯಬೇಕು. ಎರಡೂ ಒಂದೇ ಹಾಳೆಯಲ್ಲಿ ಇರಬೇಕು. ಸುಮಾರು ಇಪ್ಪತ್ತು ವರ್ಷದಿಂದ ನಾನು ಮಾಡಲು ನೋಡುತ್ತಿರುವುದು ಇದನ್ನೇ.

ನಮ್ಮ ಭಾಷೆಯಲ್ಲಿ ಬಿಟ್ಟ ಜಾಗಕ್ಕೆ ಎಷ್ಟು ಪದ ಇವೆ ನೋಡಿ. ಮನೆ ಹಾಳು ಬೀಳುತ್ತದೆ. ತೋಟ ಪಾಳು ಬೀಳುತ್ತದೆ. ಹೊಲ ಬೀಳು ಬೀಳುತ್ತದೆ. ಮಲೆನಾಡಿನ ಗದ್ದೆಯಲ್ಲಿ ಉಳುಮೆ ನಿಂತು ಜೌಗು ಹುಲ್ಲು ಬಂದರೆ ಹಡ್ಲು ಅನ್ನುತ್ತಾರೆ. ಹುಲ್ಲು, ಕುರುಚಲು ಬೆಳೆದ ಜಾಗ ಬ್ಯಾಣ. ಇವೆಲ್ಲ ಒಂದೇ ಅಲ್ಲ. ಹಡ್ಲಿನ ಹಸಿರು ಬೇರೆ, ಪಾಳು ತೋಟದ ಹಸಿರು ಬೇರೆ. ವಿದ್ಯಾರ್ಥಿಗಳಿಗೆ ನಾನು ಯಾವಾಗಲೂ ಹೇಳುತ್ತೇನೆ, ಬರೆಯುವ ಮೊದಲು ಆ ಜಾಗಕ್ಕೆ ಊರಿನವರು ಏನಂತ ಕರೆಯುತ್ತಾರೆ ಕೇಳಿ. ಹೆಸರು ಗೊತ್ತಾದರೆ ಅರ್ಧ ಚಿತ್ರ ಬಂದ ಹಾಗೆ.

ಪಾಳು ತೋಟದ ಬಗ್ಗೆ ಸ್ವಲ್ಪ ಜಾಸ್ತಿ ಮಾತನಾಡುತ್ತೇನೆ. ನನ್ನ ಹೆಚ್ಚಿನ ಚಿತ್ರಗಳು ಅಲ್ಲೇ ಹುಟ್ಟಿವೆ.

ಕಾಫಿ ತೋಟ ಯಾಕೆ ಪಾಳು ಬೀಳುತ್ತದೆ ಅಂತ ಇಲ್ಲಿ ಕೂತವರಲ್ಲಿ ಅನೇಕರಿಗೆ ನನಗಿಂತ ಚೆನ್ನಾಗಿ ಗೊತ್ತು. 1989ರಲ್ಲಿ, ಬೆಲೆ ಬೀಳದಂತೆ ಹಿಡಿದಿದ್ದ ದೇಶ ದೇಶಗಳ ನಡುವಿನ ಕಾಫಿ ಒಪ್ಪಂದ ಮುರಿದು ಬಿತ್ತು. ಆಮೇಲೆ ನಮ್ಮಲ್ಲೂ ಕಾಫಿ ಮಂಡಳಿಯೇ ಎಲ್ಲ ಕೊಳ್ಳುವ ಪದ್ಧತಿ ಹೋಯಿತು. 2000ದ ಆಸುಪಾಸಿನಲ್ಲಿ ಬೆಲೆ ನೆಲ ಕಚ್ಚಿತು. ಅರೇಬಿಕಾ ಜಾತಿಯ ಕಾಫಿ ಗಿಡಕ್ಕೆ ಕಾಂಡಕೊರಕ ಹುಳ ಬಂತು. ಕೂಲಿಗೆ ಆಳಿಲ್ಲ, ಮಕ್ಕಳು ಬೆಂಗಳೂರಿನಲ್ಲಿ, ಆಲೂರು ಸಕಲೇಶಪುರ ಕಡೆ ಆನೆ ಕಾಟ. ದೊಡ್ಡವರು ತಡೆದುಕೊಂಡರು. ಎರಡು ಮೂರು ಎಕರೆಯವರು ಒಂದು ವರ್ಷ ಕಳೆ ತೆಗೆಸಲಿಲ್ಲ, ಮುಂದಿನ ವರ್ಷ ಹೋಗಲೇ ಇಲ್ಲ.

ಅಲ್ಲಿಂದ ಮುಂದೆ ಏನಾಗುತ್ತದೆ? ಇದನ್ನು ನಾನು ಒಂದೇ ತೋಟದಲ್ಲಿ ಹನ್ನೊಂದು ವರ್ಷ ಕೂತು ಬರೆದಿದ್ದೇನೆ. ತೋಟದವರ ಒಪ್ಪಿಗೆ ಪಡೆದು, ವರ್ಷಕ್ಕೆ ಎರಡು ಸಲ, ಅದೇ ಕಲ್ಲಿನ ಮೇಲೆ ಕೂತು.

ಅರೇಬಿಕಾ ಗಿಡವನ್ನು ನಾವು ತಲೆ ಕತ್ತರಿಸಿ ಎದೆಯೆತ್ತರಕ್ಕೆ ನಿಲ್ಲಿಸಿರುತ್ತೇವೆ. ಚಿಗುರು ತೆಗೆಯುವವರು ಇಲ್ಲ ಅಂದ ತಕ್ಷಣ ಅದು ಮೇಲಕ್ಕೆ ಹೊರಡುತ್ತದೆ. ಒಂದು ಬುಡದಿಂದ ಐದಾರು ಸಣ್ಣ ಕಾಂಡ ಬೆಳಕು ಹುಡುಕಿಕೊಂಡು ಬಳುಕಿ ಏರುತ್ತವೆ. ಮೊದಲ ಚಿತ್ರದಲ್ಲಿ ಗಿಡಗಳು ದುಂಡಗೆ, ಪೊದೆಯ ಹಾಗೆ ಇವೆ. ಐದನೇ ವರ್ಷದ ಚಿತ್ರದಲ್ಲಿ ಬರೀ ಗೆರೆ. ಉದ್ದ, ಸಣ್ಣ, ಬಾಗಿದ ಗೆರೆ. ಕಾಳುಮೆಣಸಿನ ಬಳ್ಳಿ ಮರ ಬಿಟ್ಟು ನೆಲದ ಮೇಲೂ ಹರಿದಿದೆ. ಲಂಟಾನ ಅಂಚಿನಿಂದ ಒಳಗೆ ಬಂದಿದೆ. ನೆರಳಿಗೆ ನೆಟ್ಟ ಹಾಲುವಾಣ ಮರದ ಕೊಂಬೆ ಮುರಿದು ಬಿದ್ದಲ್ಲಿ ಒಂದು ಕಿಂಡಿ ಬೆಳಕು.

ಸಾಲು ಮಾತ್ರ ಹೋಗುವುದಿಲ್ಲ. ಸಿಲ್ವರ್ ಓಕ್ ಮರಗಳು ಇನ್ನೂ ಮನುಷ್ಯ ನೆಟ್ಟ ಅಳತೆಯಲ್ಲೇ ನಿಂತಿರುತ್ತವೆ. ಆಸ್ಟ್ರೇಲಿಯಾದಿಂದ ಬಂದ ಮರ ಅದು. ಸುತ್ತ ಎಲ್ಲ ಕಲಸಿ ಹೋದ ಮೇಲೂ ಆ ನೇರ ಕಾಂಡಗಳು ‘ಇಲ್ಲಿ ಯಾರೋ ಹಗ್ಗ ಹಿಡಿದು ಅಳೆದಿದ್ದರು’ ಅಂತ ಹೇಳುತ್ತವೆ. ನನ್ನ ಚಿತ್ರಗಳಲ್ಲಿ ಹಿಂದೆ ತೆಳ್ಳಗೆ ಕಾಣುವ ಉದ್ದುದ್ದ ಗೆರೆಗಳು ಅವೇ. ಕೆಲವರು ಅದನ್ನು ಮಳೆ ಅಂದುಕೊಳ್ಳುತ್ತಾರೆ.

ನನ್ನನ್ನು ಅಲ್ಲಾಡಿಸಿದ್ದು ಹೂವು. ಮಾರ್ಚಿನಲ್ಲಿ ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ, ಅಲ್ವಾ? ಪಾಳು ತೋಟಕ್ಕೂ ಅದೇ ಮಳೆ ಬೀಳುತ್ತದೆ. ಅದೂ ಅರಳುತ್ತದೆ. ಯಾರೂ ಕೊಯ್ಯದ, ಯಾರೂ ಲೆಕ್ಕ ಹಾಕದ ತೋಟ, ತಲೆಯ ಮೇಲೆ ಹದಿನೈದು ಅಡಿ ಎತ್ತರದಲ್ಲಿ ಬೆಳ್ಳಗೆ. ವಾಸನೆ ರಸ್ತೆಯವರೆಗೆ ಬರುತ್ತದೆ. ಆ ಹೊತ್ತಿಗೆ ನಾನು ಅಲ್ಲಿದ್ದದ್ದು ಎರಡೇ ಸಲ. ಇದ್ದಿಲಿನಲ್ಲಿ ಬಿಳಿ ಬರೆಯಲು ಆಗುವುದಿಲ್ಲ. ಹಾಳೆಯನ್ನು ಪೂರ್ತಿ ಕಪ್ಪು ಮಾಡಿ, ರಬ್ಬರಿನಿಂದ ಒಂದೊಂದೇ ಹೂವನ್ನು ಅಳಿಸಿ ತೆಗೆದೆ. ಬಲಗಡೆಯ ದೊಡ್ಡ ಚಿತ್ರ ಅದು. ಮೂರು ದಿನ ಹಿಡಿಯಿತು. ಅಷ್ಟರಲ್ಲಿ ನಿಜವಾದ ಹೂವು ಕಂದಿತ್ತು.

ಈ ಇದ್ದಿಲು ಎಲ್ಲಿಂದ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ಅಂಗಡಿಯದ್ದನ್ನು ನಾನು ಬಳಸುವುದು ಕಡಿಮೆ. ಕಾಫಿ ಗಿಡದ ಕಸಿ ಮಾಡಿದಾಗ, ಅಂದರೆ ಬೇಡದ ಕೊಂಬೆ ಸವರಿದಾಗ, ಬಿದ್ದ ಕಡ್ಡಿ, ಪೆನ್ಸಿಲ್ ದಪ್ಪದ್ದು, ತೊಗಟೆ ಸುಲಿದು ಒಣಗಿಸುತ್ತೇನೆ. ಬಿಸ್ಕೆಟ್ ಡಬ್ಬದಲ್ಲಿ ಬಿಗಿಯಾಗಿ ತುಂಬಿ, ಮುಚ್ಚಳಕ್ಕೆ ಒಂದು ಮೊಳೆ ತೂತು ಮಾಡಿ, ಬಚ್ಚಲ ಒಲೆಗೆ ಇಡುತ್ತೇನೆ. ಮೊದಲು ಬಿಳಿ ಹೊಗೆ ಬರುತ್ತದೆ, ಅದು ನೀರಿನ ಆವಿ. ಆಮೇಲೆ ತೂತಿನ ಬಾಯಲ್ಲಿ ಸಣ್ಣ ಉರಿ ಹತ್ತುತ್ತದೆ. ಆ ಉರಿ ತಾನಾಗಿ ಆರಿದರೆ ಇದ್ದಿಲು ಆಯಿತು. ಡಬ್ಬ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ತೆಗೆಯಬಾರದು. ತೆಗೆದರೆ ಗಾಳಿ ಸಿಕ್ಕಿ ಎಲ್ಲ ಬೂದಿ. ಕಾಫಿ ಕಡ್ಡಿ ಗಟ್ಟಿ, ಅದರ ಇದ್ದಿಲೂ ಗಟ್ಟಿ. ತೆಳು ಬೂದು ಗೆರೆ ಬರುತ್ತದೆ. ದಟ್ಟ ಕಪ್ಪು ಬೇಕಾದರೆ ಮೆದು ಮರದ ಕಡ್ಡಿ ಬೇಕು. ಆ ತೋಟವನ್ನು ಆ ತೋಟದ ಕಡ್ಡಿಯಿಂದಲೇ ಬರೆಯುವುದು ನನಗೆ ತುಂಬಾ ಮುಖ್ಯ. ಅದಕ್ಕೆ ದೊಡ್ಡ ಕಾರಣ ಕೊಡಲು ಬರುವುದಿಲ್ಲ. ಹಾಗೆ ಬರೆದ ದಿನ ಕೈ ನಿಧಾನವಾಗುತ್ತದೆ.

ಬಣ್ಣಕ್ಕೂ ಹೀಗೇ. ಕೆಮ್ಮಣ್ಣುಗುಂಡಿ ಅಂದರೆ ಕೆಂಪು ಮಣ್ಣಿನ ಗುಂಡಿ. ಬಾಬಾಬುಡನ್ ಗಿರಿಯ ಆ ಸಾಲಿನಲ್ಲಿ ಕಬ್ಬಿಣದ ಅದಿರಿದೆ. ಅಲ್ಲಿಂದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿತ್ತು. ಮಣ್ಣು ಕೆಂಪಾಗುವುದು ಕಬ್ಬಿಣದ ತುಕ್ಕಿನಿಂದ. ಪ್ರಪಂಚದ ಹಳೆಯ ಗುಹೆ ಚಿತ್ರಗಳ ಕೆಂಪೂ ಇದೇ. ಮಳೆಗಾಲದಲ್ಲಿ ನಮ್ಮ ಮನೆಯ ಹಿಂದೆ ದರೆ ಕುಸಿದಾಗ ಆ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕದಡುತ್ತೇನೆ. ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿದು ಎರಡು ದಿನ ಬಿಟ್ಟರೆ ತಳದಲ್ಲಿ ಬೆಣ್ಣೆಯಂಥ ಮಣ್ಣು ಉಳಿಯುತ್ತದೆ. ಅದಕ್ಕೆ ಗೋಂದಿನ ನೀರು, ಒಂದು ಹನಿ ಜೇನು ಹಾಕಿ ಅರೆದರೆ ಜಲವರ್ಣ ತಯಾರು. ಕುಸಿದ ಗೋಡೆಗಳನ್ನೆಲ್ಲ ನಾನು ಇದರಲ್ಲೇ ಬರೆದಿರುವುದು. ಆ ಗೋಡೆಗಳೂ ಇದೇ ಮಣ್ಣಿನವು.

ಹಸಿರು ಕಷ್ಟ. ಟ್ಯೂಬಿನಿಂದ ನೇರ ಬಂದ ಹಸಿರು ನಮ್ಮ ಕಾಡಿಗೆ ಒಗ್ಗುವುದಿಲ್ಲ. ಪ್ರಶ್ಯನ್ ನೀಲಿಗೆ ಈ ಕೆಂಪು ಮಣ್ಣನ್ನೋ ಹಳದಿ ಮಣ್ಣನ್ನೋ ಬೆರೆಸಿದರೆ ಜುಲೈ ತಿಂಗಳ ಕಪ್ಪು ಹಸಿರು ಸಿಗುತ್ತದೆ. ಮಂಜಿಗೆ ಬಣ್ಣವೇ ಬೇಡ, ಹಾಳೆ ಬಿಟ್ಟರೆ ಸಾಕು. ಇದನ್ನು ನಾನು ಕಲಿತದ್ದು ಚಿತ್ರಕಾರ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಚಿತ್ರಗಳಿಂದ. ಬೆಂಗಳೂರಿಗೆ ಹೋದಾಗಲೆಲ್ಲ ಅವರ ಹೆಸರಿನ ಗ್ಯಾಲರಿಯಲ್ಲಿ ಒಂದು ಗಂಟೆ ನಿಂತು ಬರುತ್ತೇನೆ. ಮೋಡ ಎಲ್ಲಿ ಮುಗಿದು ಬೆಟ್ಟ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಮಳೆಗಾಲದಲ್ಲಿ ಕಾಗದ ಕಾಪಾಡುವುದೇ ದೊಡ್ಡ ಕೆಲಸ. ಬೂಷ್ಟು ಹಿಡಿಯುತ್ತದೆ. ಅಡುಗೆಮನೆಯ ಅಟ್ಟದ ಮೇಲೆ, ಒಲೆಯ ಬಿಸಿ ತಾಗುವಂತೆ ಇಡುತ್ತೇನೆ. ಒಮ್ಮೆ ಒಂದು ಊರಿನ ಪ್ರದರ್ಶನದಲ್ಲಿ ಸಭಾಂಗಣದ ಗೋಡೆಗೆ ರಾತ್ರಿ ನೀರು ಜಿನುಗಿ ಏಳು ಚಿತ್ರ ಹೋದವು. ಅದರಲ್ಲಿ ನಾಲ್ಕು, ಪಾಳು ತೋಟದ ಎರಡನೇ ಮತ್ತು ಮೂರನೇ ವರ್ಷದವು. ಆ ಎರಡು ವರ್ಷ ಇನ್ನು ನನಗೆ ಸಿಗುವುದಿಲ್ಲ. ನಿಮ್ಮಲ್ಲಿ ಯಾರಾದರೂ ಚಿತ್ರ ಪ್ರದರ್ಶನ ಏರ್ಪಡಿಸುವವರಿದ್ದರೆ, ದಯವಿಟ್ಟು ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ.

ಮರ ಬರೆಯುವುದನ್ನು ಕಲಿಯಲು ದೂರ ಹೋಗಬೇಕಿಲ್ಲ. ಬೇಲೂರು ಇಲ್ಲೇ ಇದೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಎಲ್ಲರೂ ಶಿಲಾಬಾಲಿಕೆಯರ ಮುಖ ನೋಡುತ್ತಾರೆ. ಸ್ವಲ್ಪ ಮೇಲೆ ನೋಡಿ. ಹೆಚ್ಚಿನವರ ತಲೆಯ ಮೇಲೆ ಎಲೆ ಬಳ್ಳಿಯ ಚಪ್ಪರ ಇದೆ. ಅಲ್ಲಿ ಒಂದು ಕಡೆ ಹಲಸಿನ ಹಣ್ಣಿನ ಮೇಲೆ ನೊಣ ಕೂತಿದೆ, ಅದಕ್ಕೆ ಹಲ್ಲಿ ಹೊಂಚು ಹಾಕಿದೆ. ಬಳಪದ ಕಲ್ಲು ಮೆದು, ಅದಕ್ಕೇ ಅಷ್ಟು ಸಣ್ಣ ಕೆಲಸ ಸಾಧ್ಯವಾಯಿತು ಅನ್ನುತ್ತಾರೆ. ಸರಿ. ಆದರೆ ಆ ನೊಣವನ್ನು ನೋಡಲು ಮೊದಲು ಒಬ್ಬ ಹಲಸಿನ ಮರದ ಕೆಳಗೆ ಸುಮ್ನೆ ನಿಂತಿರಬೇಕಲ್ಲ! ನೋಡಿ, ಅಲ್ಲೂ ಹಲಸು.

ಹೊರಗಿನ ಇಬ್ಬರ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಪ್ಯಾರಿಸ್ ಹತ್ತಿರ ಫಾಂಟೆನ್‌ಬ್ಲೂ ಅಂತ ಒಂದು ಕಾಡಿದೆ. ತಿಯೋಡೋರ್ ರೂಸೋ ಎಂಬ ಚಿತ್ರಕಾರ ಅದರ ಅಂಚಿನ ಬಾರ್ಬಿಜಾನ್ ಹಳ್ಳಿಯಲ್ಲಿದ್ದು ಅಲ್ಲಿನ ಓಕ್ ಮರಗಳನ್ನು ಬರೆದರು. ಹಳೆಯ ಮರಗಳನ್ನು ಕಡಿಯತೊಡಗಿದಾಗ ಅವರೂ ಗೆಳೆಯರೂ ಸುಮ್ಮನಿರಲಿಲ್ಲ. ದೊರೆಯವರೆಗೆ ಮನವಿ ಹೋಯಿತು. 1861ರಲ್ಲಿ 1,000 ಹೆಕ್ಟೇರಿಗೂ ಜಾಸ್ತಿ ಕಾಡನ್ನು ಚಿತ್ರಕಾರರಿಗಾಗಿ ಎಂದೇ ಕಾದಿರಿಸಿ ಆದೇಶ ಬಂತು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಆದದ್ದು ಅದಾಗಿ ಹನ್ನೊಂದು ವರ್ಷಕ್ಕೆ. ಚಿತ್ರ ಬರೆದರೆ ಏನು ಪ್ರಯೋಜನ ಅಂತ ಮನೆಯಲ್ಲಿ ಕೇಳಿದರೆ ಇದನ್ನು ಹೇಳಿ.

ಇನ್ನೊಬ್ಬರು ಇಂಗ್ಲೆಂಡಿನ ಪಾಲ್ ನ್ಯಾಶ್. ಮೊದಲ ಮಹಾಯುದ್ಧದಲ್ಲಿ ಗುಂಡಿನ ಮಳೆಗೆ ಸಿಕ್ಕಿ ಸತ್ತ ಒಂದು ಮರದ ತೋಪನ್ನು ಬರೆದರು. 1918ರ ಚಿತ್ರ. ಎಲೆ ಇಲ್ಲ, ಕೊಂಬೆ ಇಲ್ಲ, ಬರೀ ಮೋಟು. ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ. ಒಬ್ಬ ಮನುಷ್ಯನೂ ಚಿತ್ರದಲ್ಲಿಲ್ಲ. ಅದಕ್ಕೆ ಅವರಿಟ್ಟ ಹೆಸರು ‘ನಾವು ಹೊಸ ಜಗತ್ತನ್ನು ಕಟ್ಟುತ್ತಿದ್ದೇವೆ’. ಮುದ್ರಿತ ಪ್ರತಿ ಮೊದಲು ನೋಡಿದಾಗ ನನಗೆ ನೆನಪಾದದ್ದು ಅರಸೀಕೆರೆ. ಬರದ ವರ್ಷಗಳಲ್ಲಿ ಅಲ್ಲಿನ ತೆಂಗಿನ ತೋಟ ನೋಡಿದವರಿಗೆ ಗೊತ್ತು. ಸುಳಿ ಉದುರಿ, ಬೋಳು ಕಂಬಗಳು ಸಾಲು ಸಾಲಾಗಿ ನಿಂತಿದ್ದವು. ನಮ್ಮದು ಒಂದೇ ಜಿಲ್ಲೆ. ಪಶ್ಚಿಮದಲ್ಲಿ ಬಿಟ್ಟ ತೋಟವನ್ನು ಗಿಡ ನುಂಗುತ್ತದೆ, ಪೂರ್ವದಲ್ಲಿ ತೋಟ ನಿಂತಲ್ಲೇ ಒಣಗುತ್ತದೆ. ಅರಸೀಕೆರೆಯದ್ದನ್ನು ನಾನು ಬರೆದದ್ದು ನಾಲ್ಕೇ ಹಾಳೆ. ಆ ತೋಟದ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಕೈ ಮುಂದೆ ಹೋಗಲಿಲ್ಲ.

ಬಿಟ್ಟ ಜಾಗ ಮರಳಿ ತುಂಬಿದ್ದನ್ನೂ ನೋಡಿದ್ದೇನೆ. ಸಕಲೇಶಪುರ, ಸುಬ್ರಹ್ಮಣ್ಯ ನಡುವಿನ ಮೀಟರ್‌ಗೇಜ್ ರೈಲು 1996ರಲ್ಲಿ ನಿಂತಿತು. ಆಗ ಸುರಂಗಗಳ ಬಾಯಲ್ಲಿ ಜರಿಗಿಡ ತೂಗುತ್ತಿತ್ತು. ಚಾರಣದ ಹುಡುಗರು ಹಳಿ ಹಿಡಿದು ನಡೆಯುತ್ತಿದ್ದರು. ಕೆಲವು ವರ್ಷದ ಮೇಲೆ ಬ್ರಾಡ್‌ಗೇಜ್ ಆಗಿ ರೈಲು ಬಂತು. ನನ್ನ ಆಗಿನ ಪುಟಗಳಲ್ಲಿ ಜರಿಗಿಡ ಇದೆ, ರೈಲು ಇಲ್ಲ.

ಕುದುರೆಮುಖ ಬೇರೆ ಥರ. ಇರಾನಿಗೆ ಕಬ್ಬಿಣದ ಅದಿರು ಕಳಿಸಲೆಂದು 1976ರಲ್ಲಿ ಕಂಪನಿ ಶುರುವಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಆದರೂ ಬೇರೆ ದೇಶಗಳಿಗಾಗಿ ಗಣಿ ನಡೆಯಿತು. 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಜನ ಹೋರಾಡಿದರು, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ನಿಂತದ್ದು ಒಳ್ಳೆಯದೇ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಬೆಟ್ಟ ಅದು. ಆದರೆ ಕೆಲಸದವರಿಗೆಂದು ಕಟ್ಟಿದ ಊರು ಖಾಲಿಯಾಗುತ್ತಾ ಬಂತು. ಅಲ್ಲಿ ಶಾಲೆಗೆ ಹೋದ ಮಕ್ಕಳಿಗೆ ಈಗ ತೋರಿಸಲು ಊರಿಲ್ಲ. ಕ್ವಾರ್ಟರ್ಸ್ ಅಂಗಳದಲ್ಲಿ ಅವರ ತಾಯಂದಿರು ನೆಟ್ಟ ಗುಲಾಬಿ, ಸಂಪಿಗೆ ಎಷ್ಟೋ ಕಡೆ ಕಾಡಿನ ಜೊತೆ ಸೇರಿವೆ. ಗಣಿಯ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದಾರೆ. ಆ ಅಡ್ಡ ಗೆರೆಗಳ ಮೇಲೆ ಹುಲ್ಲು ಬಂದಿದೆ. ಶೋಲಾದ, ಅಂದರೆ ಬೆಟ್ಟದ ಕಣಿವೆಯ ಕಾಡಿನ, ದುಂಡು ಮರಗಳ ಪಕ್ಕ ಆ ನೇರ ಗೆರೆ ಇಟ್ಟರೆ ಚಿತ್ರ ತಾನಾಗಿ ಮಾತನಾಡುತ್ತದೆ. ನಾನು ಬರೆದದ್ದು ಸಾರ್ವಜನಿಕ ರಸ್ತೆಯಿಂದ ಮಾತ್ರ. ಅಭಯಾರಣ್ಯದ ಒಳಗೆ ಕೂರಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚಿತ್ರಕ್ಕಾಗಿ ಅದನ್ನು ಯಾರೂ ಮೀರಬೇಡಿ.

ಕೊನೆಗೆ ಶೆಟ್ಟಿಹಳ್ಳಿ. ನಿಮ್ಮಲ್ಲಿ ಎಲ್ಲರೂ ಹೋಗಿರುತ್ತೀರಿ, ಇಲ್ಲಿಂದ ಸುಮಾರು 20 ಕಿ.ಮೀ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚ್. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಎದ್ದು ಹೋಯಿತು. ಚರ್ಚ್ ಮಾತ್ರ ಉಳಿಯಿತು. ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ, ಬೇಸಿಗೆಯಲ್ಲಿ ಒಣ ನೆಲದ ಮೇಲೆ. ನಾನೂ ಎಲ್ಲರ ಹಾಗೆ ಅದನ್ನು ಬರೆದೆ. ಕಮಾನು, ಅದರ ಪ್ರತಿಬಿಂಬ, ಹಕ್ಕಿ. ಆ ಚಿತ್ರಗಳನ್ನು ಜನ ಮೆಚ್ಚಿದರು, ಕೊಂಡರು.

ಒಂದು ಪ್ರದರ್ಶನಕ್ಕೆ ಎಪ್ಪತ್ತು ದಾಟಿದ ಒಬ್ಬರು ಬಂದಿದ್ದರು. ಆ ಚಿತ್ರದ ಮುಂದೆ ತುಂಬಾ ಹೊತ್ತು ನಿಂತರು. ಚಿತ್ರದ ಎಡ ಮೂಲೆಯ ನೀರಿನ ಮೇಲೆ, ಗಾಜು ತಾಗದ ಹಾಗೆ, ಬೆರಳು ಹಿಡಿದು ‘ಇಲ್ಲಿ ನಮ್ಮ ಮನೆ’ ಅಂದರು. ಬೆರಳನ್ನು ಸ್ವಲ್ಪ ಸರಿಸಿ ‘ಇಲ್ಲಿ ಬಾವಿ. ಇಲ್ಲಿ ಹುಣಸೆ ಮರ’ ಅಂದರು. ಆಮೇಲೆ, ಕೋಪ ಏನೂ ಇಲ್ಲದೆ, ‘ಚರ್ಚ್ ಎಲ್ಲರೂ ಬರೀತಾರೆ’ ಅಂದರು.

ಅವರು ತೋರಿಸಿದ ಜಾಗದಲ್ಲಿ ನಾನು ಬರೆದಿದ್ದದ್ದು ನೀರು. ನನ್ನ ಕೈಗೆ ಸುಲಭವಾಗಿ ಬರುವ ನೀರು.

ಅಂದಿನಿಂದ ಅದೇ ಅಳತೆಯ ಇನ್ನೊಂದು ಹಾಳೆ ಶುರು ಮಾಡಿದ್ದೇನೆ. ಬಾಗಿಲ ಪಕ್ಕದಲ್ಲಿ ಒರಗಿಸಿರುವುದು ಅದೇ. ಅರ್ಧ ಖಾಲಿ ಇದೆ, ನೋಡಿ. ಚರ್ಚನ್ನು ಬಲ ಅಂಚಿಗೆ ಸರಿಸಿದ್ದೇನೆ, ಸಣ್ಣದಾಗಿದೆ. ನಡುವಿನ ಜಾಗ ಬಿಟ್ಟಿದ್ದೇನೆ. ಮರಗಳನ್ನು ಅವರ ಮಾತಿನಿಂದ ಬರೆಯಲು ನೋಡಿದೆ, ಆಗಲಿಲ್ಲ. ಹುಣಸೆಯ ಯಾವ ಕೊಂಬೆ ಮನೆಯ ಕಡೆಗಿತ್ತು, ಯಾವುದು ಬಾವಿಯ ಕಡೆಗಿತ್ತು ಅಂತ ಗೊತ್ತಾಗದೆ ಹುಣಸೆ ಬರೆಯುವುದು ಹೇಗೆ?

ಈ ಸಲ ನೀರು ಇಳಿದ ಮೇಲೆ ಜೊತೆಗೆ ಬರುತ್ತೇನೆ ಅಂದಿದ್ದಾರೆ. ಮರದ ಬುಡ ಇದ್ದ ಜಾಗ ಕಾಲಿಗೆ ಗೊತ್ತಂತೆ, ಅಲ್ಲಿ ನಿಂತರೆ ಕೊಂಬೆಗಳನ್ನು ಕೈ ಚಾಚಿ ತೋರಿಸುತ್ತಾರಂತೆ. ಕಾಫಿ ಕಡ್ಡಿಯ ಇದ್ದಿಲು ಒಂದು ಡಬ್ಬ ತೆಗೆದಿಟ್ಟಿದ್ದೇನೆ.